ಪೆರೋಲ್‌ನಲ್ಲಿದ್ದವ್ನು ಮತ್ತೆ ಡ್ರಗ್ಸ್ ತಗೊಂಡ್ರೆ ಜೈಲಾ, ಟ್ರೀಟ್‌ಮೆಂಟಾ? ಕ್ಯಾಲಿಫೋರ್ನಿಯಾದ 25 ವರ್ಷದ ಒದ್ದಾಟ

ಕ್ಯಾಲಿಫೋರ್ನಿಯಾದಲ್ಲಿ ಜನರೇ ನೇರವಾಗಿ ವೋಟ್ ಹಾಕಿ ಕಾನೂನು ಮಾಡ್ಬೋದು, ಅದಕ್ಕೆ ಪ್ರೊಪೊಸಿಷನ್ ಅಂತಾರೆ. ಪ್ರೊಪೊಸಿಷನ್ 36 ಅನ್ನೋ ಒಂದೇ ನಂಬರಲ್ಲಿ ಜನ ಮೂರು ಸಲ ವೋಟ್ ಹಾಕಿದಾರೆ, 2000ದಲ್ಲಿ, 2012ರಲ್ಲಿ, ಆಮೇಲೆ 2024ರಲ್ಲಿ. ಮೂರೂ ಪಾಸಾಗಿದೆ, ಮೂರೂ ಬೇರೆ ಬೇರೆ ಕಾನೂನು. ಮಧ್ಯದ್ದು ತ್ರೀ ಸ್ಟ್ರೈಕ್ಸ್ ಅನ್ನೋ ಕಠಿಣ ಕಾನೂನನ್ನ ಸ್ವಲ್ಪ ಮೆತ್ತಗೆ ಮಾಡಿದ್ದು, ಅದನ್ನ ಇಲ್ಲಿ ಬಿಟ್ಟಾಕೋಣ. ಮೊದಲ್ನೇದು ಹೇಳಿದ್ದು ಡ್ರಗ್ಸ್ ಇಟ್ಕೊಂಡು ಸಿಕ್ಕಿಬಿದ್ದವ್ರನ್ನ ಜೈಲಿಗೆ ಹಾಕ್ಬೇಡಿ, ಟ್ರೀಟ್‌ಮೆಂಟಿಗೆ ಕಳ್ಸಿ ಅಂತ. ಕೊನೇದು ಹೇಳಿದ್ದು ಟ್ರೀಟ್‌ಮೆಂಟಿಗೆ ಹೋಗ್ತೀಯೋ ಇಲ್ಲ ಒಳಗೆ ಹಾಕ್ಬೇಕೋ ಅಂತ. ಮೊದಲ್ನೇದಕ್ಕೆ ಶೇ 61ರಷ್ಟು ವೋಟು, ಕೊನೇದಕ್ಕೆ ಶೇ 68ರಷ್ಟು. ಎರಡು ಸಲವೂ ಅದೇ ಜನ ವೋಟ್ ಹಾಕಿದ್ರು ಅಂದ್ಕೊಂಡ್ರೆ, ಕಮ್ಮಿ ಅಂದ್ರೆ ನೂರಕ್ಕೆ 29 ಜನ ಎರಡಕ್ಕೂ ಹೂಂ ಅಂದಿರ್ಬೇಕು ಈ ಲೆಕ್ಕ ನೋಡಿದ್ರೆ, ಮತ್ತೆ ಅದ್ರಲ್ಲಿ ಆಶ್ಚರ್ಯ ಏನೂ ಇಲ್ಲ ಅಂತ ನನ್ನ ವಾದ.

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಬಿಡ್ತೀನಿ. ನಮ್ಮ ಊರಲ್ಲಿ ಪೆರೋಲ್ ಅಂದ್ರೆ ಶಿಕ್ಷೆ ಮಧ್ಯದಲ್ಲಿ ತಾಯಿಗೆ ಹುಷಾರಿಲ್ಲ, ಮಗಳ ಮದುವೆ ಅಂತ ಕೆಲವು ದಿನ ಮನೆಗೆ ಬಿಡೋದು, ಮತ್ತೆ ವಾಪಸ್ ಹೋಗ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ, ಅಲ್ಲಿ ಶಿಕ್ಷೆ ಮುಗಿಸ್ಕೊಂಡು ಹೊರಗೆ ಬಂದ್ಮೇಲೂ ಇಷ್ಟು ವರ್ಷ ಅಂತ ಸರ್ಕಾರದ ಕಣ್ಗಾವಲಲ್ಲಿ ಇರ್ಬೇಕು, ಆಫೀಸರ್ ಕರೆದಾಗ ಹೋಗ್ಬೇಕು, ಊರು ಬಿಟ್ಟು ದೂರ ಹೋಗೋಹಾಗಿಲ್ಲ, ಕೇಳಿದಾಗೆಲ್ಲ ಯೂರಿನ್ ಟೆಸ್ಟ್ ಕೊಡ್ಬೇಕು. 2011ಕ್ಕೆ ಮುಂಚೆ ಅಲ್ಲಿ ಜೈಲಿಂದ ಹೊರಗೆ ಬಂದ ಹೆಚ್ಚುಕಮ್ಮಿ ಎಲ್ರೂ ಪೆರೋಲ್ ಮೇಲೇ ಬರ್ತಿದ್ರು, ಕೊಲೆ ಮಾಡಿದವ್ನೂ ಅಷ್ಟೆ, ಜೇಬಲ್ಲಿ ಒಂದು ಪೊಟ್ಟಣ ಮೆತ್ (ಮೆತಾಂಫೆಟಮೈನ್ ಅನ್ನೋ ಡ್ರಗ್) ಇಟ್ಕೊಂಡವ್ನೂ ಅಷ್ಟೆ, ಸಾಮಾನ್ಯವಾಗಿ ಮೂರು ವರ್ಷ.

ಈಗ ಆ ಮೂರು ವರ್ಷದಲ್ಲಿ ಏನಾಗ್ತಿತ್ತು ನೋಡಿ. ಗೇಟಲ್ಲಿ ಕೈಗೆ 200 ಡಾಲರ್ ಕೊಡ್ತಾರೆ, ಗೇಟ್ ಮನಿ ಅಂತ ಅದಕ್ಕೆ ಹೆಸರು, 1973ರಿಂದ ಅದೇ 200, ಬೆಲೆ ಎಷ್ಟು ಏರಿದ್ರೂ ಅದು ಏರಿಲ್ಲ. ಬಟ್ಟೆ ಬರೆ, ಬಸ್ಸು, ಊಟ ಎಲ್ಲ ಅದ್ರಲ್ಲೇ. ಹೊರಗೆ ಬಂದ ತಕ್ಷಣ ಪೆರೋಲ್ ಏಜೆಂಟ್ ಹತ್ರ ಹೋಗಿ ಮುಖ ತೋರಿಸ್ಬೇಕು. ಇವನಿಗೆ ಮನೆ ಇಲ್ಲ, ಹಳೇ ಫ್ರೆಂಡ್ ಮನೆ ಸೋಫಾ ಮೇಲೆ ಮಲಗ್ತಾನೆ, ಆ ಫ್ರೆಂಡ್ ಮನೇಲಿ ಏನಿರತ್ತೆ ಅಂತ ಹೇಳೋದೇ ಬೇಡ. ಮೂರ್ನಾಲ್ಕು ವಾರಕ್ಕೆ ಏಜೆಂಟ್ ಒಂದು ಪ್ಲಾಸ್ಟಿಕ್ ಕಪ್ ಕೈಗೆ ಕೊಟ್ಟು ಬಾತ್‌ರೂಮಿಗೆ ಕಳಿಸ್ತಾನೆ, ಟೆಸ್ಟು ಡರ್ಟಿ ಬರತ್ತೆ, ಅಂದ್ರೆ ಡ್ರಗ್ಸ್ ತಗೊಂಡಿರೋದು ಗೊತ್ತಾಗತ್ತೆ. ಹೊಸ ಕ್ರೈಮ್ ಏನೂ ಇಲ್ಲ, ಯಾರಿಗೂ ಹೊಡೆದಿಲ್ಲ, ಕದ್ದಿಲ್ಲ. ಆದ್ರೂ ಷರತ್ತು ಮುರಿದ ಹಾಗಾಯ್ತಲ್ಲ, ಹಿಡಿದು ಕೌಂಟಿ (ನಮ್ಮ ಜಿಲ್ಲೆ ಥರ) ಜೈಲಿಗೆ ಹಾಕಿ, ಜಡ್ಜ್ ಜ್ಯೂರಿ ಇಲ್ದೇ ಪೆರೋಲ್ ಬೋರ್ಡೇ ವಿಚಾರಣೆ ಮಾಡಿ, ಒಂದು ವರ್ಷದವರೆಗೂ ವಾಪಸ್ ಸ್ಟೇಟ್ ಪ್ರಿಸನ್‌ಗೆ ಕಳಿಸ್ಬೋದಿತ್ತು. ಸಾಮಾನ್ಯವಾಗಿ ಕೆಲವೇ ತಿಂಗಳು ಇಟ್ಕೊಂಡು ಮತ್ತೆ ಬಿಡೋರು, ಅಷ್ಟು ಕಮ್ಮಿ ಟೈಮಲ್ಲಿ ಯಾವ ಪ್ರೋಗ್ರಾಮಿಗೂ ಸೇರಿಸ್ಕೊಳಲ್ಲ, ಬಟ್ಟೆ ಬದಲಾಯ್ಸಿ ಮೆಡಿಕಲ್ ಚೆಕಪ್ ಮಾಡೋಷ್ಟರಲ್ಲೇ ಬಿಡೋ ದಿನ ಬಂದುಬಿಡ್ತಿತ್ತು. ಹೊರಗೆ ಬಿಟ್ಟವ್ರಲ್ಲಿ ಮೂರರಲ್ಲಿ ಇಬ್ರು ಮೂರು ವರ್ಷದೊಳಗೆ ವಾಪಸ್ ಒಳಗೆ ಹೋಗ್ತಿದ್ದದ್ದು ಈ ಕಾರಣಕ್ಕೇ, ಅವ್ರಲ್ಲಿ ಬಹಳ ಜನ ಹೊಸ ಕೇಸಲ್ಲಿ ಶಿಕ್ಷೆ ಆಗಿ ಹೋದವ್ರಲ್ಲ, ಪೆರೋಲ್ ಷರತ್ತು ಮುರಿದು ಹೋದವ್ರು.

ಈ ಚಟಕ್ಕೆ ಜೈಲು ಅನ್ನೋದ್ರ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟು 1962ರಲ್ಲೇ ಒಂದು ತೀರ್ಪು ಕೊಟ್ಟಿದೆ, ಅದೂ ಕ್ಯಾಲಿಫೋರ್ನಿಯಾ ಕೇಸಲ್ಲೇ, ರಾಬಿನ್ಸನ್ ವರ್ಸಸ್ ಕ್ಯಾಲಿಫೋರ್ನಿಯಾ. ಆಗ ಅಲ್ಲಿ ಅಡಿಕ್ಟ್ ಆಗಿರೋದೇ ಅಪರಾಧ ಅಂತ ಕಾನೂನಿತ್ತು, ಕಮ್ಮಿ ಅಂದ್ರೆ 90 ದಿನ ಜೈಲು. ಲಾಸ್ ಏಂಜಲಿಸ್ ಪೊಲೀಸ್ರು ರಾಬಿನ್ಸನ್ ತೋಳಲ್ಲಿ ಸೂಜಿ ಗುರುತು ನೋಡಿ ಹಿಡಿದಿದ್ರು. ಕಾಯಿಲೆ ಇರೋದಕ್ಕೆ ಶಿಕ್ಷೆ ಕೊಡೋಹಾಗಿಲ್ಲ ಅಂತ ಕೋರ್ಟು ಹೇಳ್ತು, ಆದ್ರೆ ಆ ಹೊತ್ತಿಗೆ ಅವನೇ ತೀರ್ಕೊಂಡಿದ್ದ. ತೀರ್ಪಿಗೆ ಒಂದು ಸಂದು ಇತ್ತು, ಅಡಿಕ್ಟ್ ಆಗಿರೋದು ಅಪರಾಧ ಅಲ್ಲ, ಆದ್ರೆ ಡ್ರಗ್ಸ್ ಇಟ್ಕೊಳೋದು ಅಪರಾಧವೇ. ಚಟ ಇರೋವ್ನು ಇಟ್ಕೊಳ್ದೇ ಹೇಗೆ ತಗೋತಾನೆ ಅಂತ ಯಾರೂ ಕೇಳ್ಲಿಲ್ಲ. ಅದೇ ಹೊತ್ತಿಗೆ ರಾಜ್ಯ ಸರ್ಕಾರ ಅಡಿಕ್ಟ್‌ಗಳನ್ನ ಕಡ್ಡಾಯವಾಗಿ ಚಿಕಿತ್ಸೆಗೆ ಅಂತ ಇಡೋಕೆ ನಾರ್ಕೋ ಊರಲ್ಲಿ ಒಂದು ಜಾಗ ಶುರು ಮಾಡ್ತು, 1920ರ ದಶಕದ ಕೊನೇಲಿ ಕಟ್ಟಿದ ಐಷಾರಾಮಿ ಹೋಟೆಲ್ ಅದು, ಕೆರೆ, ಗಾಲ್ಫ್ ಮೈದಾನ ಎಲ್ಲ ಇದ್ದದ್ದು. ಹೆಸರು ರಿಹ್ಯಾಬಿಲಿಟೇಷನ್ ಸೆಂಟರ್, ಸುತ್ತ ಮುಳ್ಳುತಂತಿ, ಕಾಲ ಕಳೆದ ಹಾಗೆ ಅದೂ ಇನ್ನೊಂದು ಜೈಲಾಗೋಯ್ತು.

ಈ ಹಿನ್ನೆಲೇಲಿ 2000ದ ಪ್ರೊಪೊಸಿಷನ್ 36 ಬಂದಿದ್ದು. ಸ್ವಂತಕ್ಕೆ ಡ್ರಗ್ಸ್ ಇಟ್ಕೊಂಡು ಸಿಕ್ಕಿದವ್ರು, ಹಿಂಸೆ ಕೇಸ್ ಇಲ್ದವ್ರು, ಪ್ರೊಬೇಷನ್‌ನಲ್ಲಿರೋರು (ಜೈಲಿನ ಬದ್ಲು ಷರತ್ತಿನ ಮೇಲೆ ಕೋರ್ಟು ಹೊರಗೆ ಬಿಟ್ಟವ್ರು), ಪೆರೋಲ್‌ನಲ್ಲಿರೋರು, ಎಲ್ರಿಗೂ ಜೈಲಿನ ಬದ್ಲು ಊರಲ್ಲೇ ಟ್ರೀಟ್‌ಮೆಂಟು, ಒಂದು ವರ್ಷದವರೆಗೂ. ಮಾರಾಟಕ್ಕೆ ಇಟ್ಕೊಂಡವ್ರಿಗಿಲ್ಲ. 2001ರ ಜುಲೈ 1ರಿಂದ ಜಾರಿ, ವರ್ಷಕ್ಕೆ 12 ಕೋಟಿ ಡಾಲರ್ ಐದು ವರ್ಷಕ್ಕೆ ಅಂತ ಕಾನೂನಲ್ಲೇ ಬರೆದಿದ್ರು. ಇಷ್ಟು ದೊಡ್ಡ ಪ್ರಮಾಣದಲ್ಲಿ ಯಾರೂ ಅಲ್ಲೀವರೆಗೂ ಮಾಡಿರ್ಲಿಲ್ಲ, ಮೊದಲ ಕೆಲವು ವರ್ಷ ವರ್ಷಕ್ಕೆ ಹತ್ತಾರು ಸಾವಿರ ಜನ ಈ ದಾರೀಲಿ ಬಂದ್ರು.

ಯುಸಿಎಲ್ಎ ಯೂನಿವರ್ಸಿಟಿಯವ್ರು ಇದನ್ನ ವರ್ಷ ವರ್ಷ ಅಳೆದ್ರು. ಅವ್ರ ರಿಪೋರ್ಟಿಂದ ಎರಡೂ ಕಡೆಯವ್ರು ತಮಗೆ ಬೇಕಾದ್ದನ್ನ ಮಾತ್ರ ಎತ್ಕೊಂಡು ಜಗಳ ಆಡಿದ್ದು ನೋಡಿದ್ರೆ ನಗು ಬರತ್ತೆ. ಹಾಕಿದ ಪ್ರತಿ ಡಾಲರಿಗೆ ಸರ್ಕಾರಕ್ಕೆ ಸುಮಾರು ಎರಡೂವರೆ ಡಾಲರ್ ಉಳೀತು, ಪೂರ್ತಿ ಮುಗಿಸಿದವ್ರ ಲೆಕ್ಕದಲ್ಲಿ ಸುಮಾರು ನಾಲ್ಕು ಡಾಲರ್, ಇದು ಪರವಾಗಿರೋರ ಮಾತು. ಕೋರ್ಟಲ್ಲಿ ಹೂಂ ಅಂದವ್ರಲ್ಲಿ ಶೇ 30ರ ಹತ್ರ ಟ್ರೀಟ್‌ಮೆಂಟ್ ಬಾಗಿಲಿಗೇ ಬರ್ಲಿಲ್ಲ, ಬಂದವ್ರಲ್ಲಿ ಮೂರರಲ್ಲಿ ಒಬ್ರು ಮಾತ್ರ ಮುಗಿಸಿದ್ರು, ಇದು ವಿರೋಧ ಮಾಡೋರ ಮಾತು. ಎರಡೂ ನಿಜ. ಆದ್ರೆ ಚಟದ ಟ್ರೀಟ್‌ಮೆಂಟಲ್ಲಿ ಮೂರರಲ್ಲಿ ಒಬ್ರು ಮುಗಿಸೋದು ಅಂಥ ಕೆಟ್ಟ ನಂಬರೇನಲ್ಲ, ತಾವಾಗೇ ಬರೋರಲ್ಲೂ ಬಿಟ್ಟು ಹೋಗೋರು ಬಹಳ. ನನಗೆ ಮುಖ್ಯ ಅನ್ಸಿದ್ದು ಅದೇ ರಿಪೋರ್ಟಲ್ಲಿರೋ ಇನ್ನೊಂದು ವಿಷ್ಯ, ಅದನ್ನ ಯಾರೂ ಮಾತಾಡಲ್ಲ. ಬಂದವ್ರಲ್ಲಿ ಅರ್ಧದಷ್ಟು ಜನ ಮೆತ್ ಚಟದವ್ರು, ಹಲವರು ವರ್ಷಗಟ್ಲೆ ಹಳೇ ಚಟದವ್ರು, ಅವ್ರಿಗೆ ಸಿಕ್ಕಿದ್ದು ಬಹುಪಾಲು ವಾರಕ್ಕೆ ಕೆಲವು ಗಂಟೆ ಗುಂಪಲ್ಲಿ ಕೂತು ಮಾತಾಡೋ ಔಟ್‌ಪೇಷೆಂಟ್ ಕ್ಲಾಸು. ಒಳಗೇ ಇಟ್ಕೊಂಡು ನೋಡ್ಕೊಳೋ ಬೆಡ್ಡು ಬೇಕಾಗಿದ್ದವ್ರಿಗೆ ಬೆಡ್ ಇರ್ಲಿಲ್ಲ. ಹೆರಾಯಿನ್‌ನವ್ರಿಗೆ ಮೆಥಡೋನ್ ಅನ್ನೋ ಮದ್ದು ಕೊಟ್ರೆ ಕೆಲಸ ಮಾಡತ್ತೆ ಅಂತ 1960ರ ದಶಕದಿಂದ ಗೊತ್ತು, ಆದ್ರೂ ಕೊಟ್ಟಿದ್ದು ಕೆಲವ್ರಿಗೆ ಮಾತ್ರ, ಒಂದು ಚಟ ಬಿಡಿಸೋಕೆ ಇನ್ನೊಂದು ಮದ್ದು ಯಾಕೆ ಅನ್ನೋ ಮನೋಭಾವ ಇನ್ನೂ ಹೋಗಿರ್ಲಿಲ್ಲ. ದುಡ್ಡು ಕಮ್ಮಿ ಅಂತ ಅಗ್ಗದ್ದು ಕೊಟ್ಟು, ಆಮೇಲೆ ನೋಡಿ ಟ್ರೀಟ್‌ಮೆಂಟ್ ಕೆಲಸ ಮಾಡಲ್ಲ ಅಂದ್ರು.

ಈ ಕಾನೂನನ್ನ ವಿರೋಧ ಮಾಡಿದವ್ರೆಲ್ಲ ಕಲ್ಲು ಮನಸ್ಸಿನವ್ರು ಅಂದ್ಕೋಬೇಡಿ. ವಿರೋಧದ ಮುಂದಾಳು ಹಾಲಿವುಡ್ ನಟ ಮಾರ್ಟಿನ್ ಶೀನ್, ಬೇರೆ ವಿಷಯಗಳಲ್ಲಿ ಪಕ್ಕಾ ಎಡಪಂಥೀಯ, ಪ್ರತಿಭಟನೆ ಮಾಡಿ ಎಷ್ಟೋ ಸಲ ಅರೆಸ್ಟ್ ಆದವ್ರು. 1998ರಲ್ಲಿ ಅವ್ರ ಮಗ ಚಾರ್ಲಿ ಶೀನ್ ಕೊಕೇನ್ ಓವರ್‌ಡೋಸ್ ಆಗಿ ಆಸ್ಪತ್ರೆ ಸೇರಿದಾಗ, ಪ್ರೊಬೇಷನ್ ಷರತ್ತು ಮುರಿದಿದಾನೆ ಅಂತ ಅಪ್ಪನೇ ಅಧಿಕಾರಿಗಳಿಗೆ ತಿಳಿಸಿದ್ರು, ಕೋರ್ಟಿನ ಭಯ ಇಲ್ದಿದ್ರೆ ಇವನು ರಿಹ್ಯಾಬಲ್ಲಿ ನಿಲ್ಲಲ್ಲ ಅನ್ನೋ ಹೆದರಿಕೇಲಿ. ಡ್ರಗ್ ಕೋರ್ಟ್ ಜಡ್ಜ್‌ಗಳ ವಾದವೂ ಇದೇ ಆಗಿತ್ತು. ಡ್ರಗ್ ಕೋರ್ಟ್ ಅಂದ್ರೆ 1989ರಲ್ಲಿ ಮಯಾಮಿಯಲ್ಲಿ ಶುರುವಾದ ಪದ್ಧತಿ, ಟ್ರೀಟ್‌ಮೆಂಟಲ್ಲಿರೋವ್ನು ಪದೇ ಪದೇ ಅದೇ ಜಡ್ಜ್ ಮುಂದೆ ಬರ್ಬೇಕು, ಟೆಸ್ಟ್ ಡರ್ಟಿ ಬಂದ್ರೆ ಎರಡು ದಿನ ಜೈಲು, ಚೆನ್ನಾಗಿದ್ರೆ ಎಲ್ರ ಮುಂದೆ ಚಪ್ಪಾಳೆ. 2000ದ ಕಾನೂನು ಈ ಎರಡು ದಿನದ ಜೈಲನ್ನ ಅವ್ರ ಕೈಯಿಂದ ಕಿತ್ಕೊಳ್ತು. 2006ರಲ್ಲಿ ಶಾಸಕರು ಅದನ್ನ ವಾಪಸ್ ತರೋಕೆ ತಿದ್ದುಪಡಿ ಮಾಡಿದ್ರು, ಜನ ವೋಟ್ ಹಾಕಿ ತಂದ ಕಾನೂನನ್ನ ನೀವು ಹೀಗೆ ತಿರುಚೋಹಾಗಿಲ್ಲ ಅಂತ ಕೋರ್ಟು ತಡೀತು. ಅಷ್ಟರಲ್ಲಿ ಐದು ವರ್ಷದ ದುಡ್ಡಿನ ಗ್ಯಾರಂಟಿ ಮುಗೀತು, ರಾಜ್ಯದ ಖಜಾನೆ ಖಾಲಿ, ವರ್ಷ ವರ್ಷ ಕತ್ತರಿಸಿ ಕತ್ತರಿಸಿ 2009ರ ಹೊತ್ತಿಗೆ ಸೊನ್ನೆಗೆ ಬಂತು. ಕಾನೂನು ಇದೆ, ಜನರನ್ನ ಕಳಿಸ್ತಾ ಇದಾರೆ, ಕೌಂಟಿಯವ್ರ ಹತ್ರ ದುಡ್ಡಿಲ್ಲ.

2008ರಲ್ಲಿ ಇನ್ನೊಂದು ಪ್ರಯತ್ನ ಆಯ್ತು, ಪ್ರೊಪೊಸಿಷನ್ 5. ನಮ್ಮ ವಿಷಯಕ್ಕೆ ಅತಿ ಹತ್ತಿರದ್ದು ಇದೇ. ವರ್ಷಕ್ಕೆ 46 ಕೋಟಿ ಡಾಲರ್ ಟ್ರೀಟ್‌ಮೆಂಟಿಗೆ, ಹಿಂಸೆ ಇಲ್ದ ಡ್ರಗ್ಸ್ ಕೇಸಿನವ್ರ ಪೆರೋಲ್ ಮೂರು ವರ್ಷದಿಂದ ಆರು ತಿಂಗಳು, ಒಂದು ವರ್ಷಕ್ಕೆ ಇಳಿಸೋದು, ಸಣ್ಣ ಷರತ್ತು ಮುರಿದ್ರೆ ಸ್ಟೇಟ್ ಪ್ರಿಸನ್‌ಗೆ ವಾಪಸ್ ಕಳಿಸೋಹಾಗಿಲ್ಲ. ಖರ್ಚು ವರ್ಷಕ್ಕೆ 100 ಕೋಟಿ ಡಾಲರ್ ಮೀರ್ಬೋದು, ಆದ್ರೆ ಉಳಿತಾಯವೂ 100 ಕೋಟಿ ಮೀರ್ಬೋದು, ಹೊಸ ಜೈಲು ಕಟ್ಟೋದು ತಪ್ಪಿ ಒಂದೇ ಸಲಕ್ಕೆ 250 ಕೋಟಿ ಉಳೀಬೋದು ಅಂತ ಸರ್ಕಾರದ್ದೇ ಲೆಜಿಸ್ಲೇಟಿವ್ ಅನಲಿಸ್ಟ್ ಕಚೇರಿ ಅಂದಾಜು ಮಾಡಿತ್ತು. ಗವರ್ನರ್ ಶ್ವಾರ್ಜನೆಗರ್ ವಿರೋಧ, ಸೆನೆಟರ್ ಡಯಾನ್ ಫೈನ್‌ಸ್ಟೈನ್ ವಿರೋಧ, ಮಾರ್ಟಿನ್ ಶೀನ್ ಮತ್ತೆ ವಿರೋಧ. ಜೈಲು ಗಾರ್ಡ್‌ಗಳ ಯೂನಿಯನ್ನೂ ವಿರೋಧದ ಪ್ರಚಾರಕ್ಕೆ ದೊಡ್ಡ ದುಡ್ಡು ಹಾಕ್ತು, ಜೈಲು ಖಾಲಿ ಆದ್ರೆ ಯಾರ ಹೊಟ್ಟೆ ಮೇಲೆ ಹೊಡೆತ ಅಂತ ಬಿಡಿಸಿ ಹೇಳ್ಬೇಕಿಲ್ಲ. ಶೇ 60ರ ಹತ್ರ ಜನ ಬೇಡ ಅಂದ್ರು.

ಜನ ಬೇಡ ಅಂದಿದ್ದನ್ನ ಮೂರು ವರ್ಷಕ್ಕೆ ಸುಪ್ರೀಂ ಕೋರ್ಟು ಬೇರೆ ದಾರೀಲಿ ಮಾಡಿಸ್ತು. ಸುಮಾರು 80,000 ಜನಕ್ಕೆ ಕಟ್ಟಿದ ಜೈಲುಗಳಲ್ಲಿ 2006ರಲ್ಲಿ 1,70,000ಕ್ಕೂ ಮೇಲೆ ಜನ, ಜಿಮ್‌ನಲ್ಲಿ ಮೂರು ಅಂತಸ್ತಿನ ಮಂಚ ಹಾಕಿ ಮಲಗಿಸಿದ್ರು. 2011ರ ಮೇ 23ಕ್ಕೆ ಬ್ರೌನ್ ವರ್ಸಸ್ ಪ್ಲಾಟಾ ಕೇಸಲ್ಲಿ 5-4ರ ತೀರ್ಪು, ಇದು ಕ್ರೂರ ಶಿಕ್ಷೆ, ಜನರನ್ನ ಕಮ್ಮಿ ಮಾಡಿ ಅಂತ. ಆಮೇಲೆ ಅಕ್ಟೋಬರ್‌ನಿಂದ ರೀಅಲೈನ್‌ಮೆಂಟ್ ಅಂತ ಬಂತು, ಪೆರೋಲ್ ಷರತ್ತು ಮುರಿದವ್ರಲ್ಲಿ ಬಹುತೇಕ ಎಲ್ರೂ ಇನ್ಮೇಲೆ ಸ್ಟೇಟ್ ಪ್ರಿಸನ್‌ಗೆ ಇಲ್ಲ, ಕೌಂಟಿ ಜೈಲಿಗೆ, ಅದೂ ಜಾಸ್ತಿ ಅಂದ್ರೆ 180 ದಿನ. 2013ರಿಂದ ಪೆರೋಲ್ ಬೋರ್ಡಿನ ಬದ್ಲು ಕೋರ್ಟಲ್ಲೇ ವಿಚಾರಣೆ. ಡರ್ಟಿ ಟೆಸ್ಟಿಗೆ ವರ್ಷಗಟ್ಲೆ ಒಳಗೆ ಹೊರಗೆ ಓಡಾಡ್ಸೋ ಆಟ ನಿಂತಿದ್ದು ಕರುಣೆಯಿಂದ ಅಲ್ಲ, ಜಾಗ ಇರ್ಲಿಲ್ಲ ಅಂತ.

2014ರ ಪ್ರೊಪೊಸಿಷನ್ 47 ಬಗ್ಗೆ ಜಾಸ್ತಿ ಬರೆಯಲ್ಲ, ಡ್ರಗ್ಸ್ ಇಟ್ಕೊಳೋದು ಫೆಲೊನಿಯಿಂದ (ದೊಡ್ಡ ಅಪರಾಧ) ಮಿಸ್‌ಡಿಮೀನರ್‌ಗೆ (ಸಣ್ಣ ಅಪರಾಧ) ಇಳೀತು, ಅಷ್ಟೆ. ಜೈಲಿನ ಭಯ ಹೋದ್ಮೇಲೆ ಡ್ರಗ್ ಕೋರ್ಟಿಗೆ ಬರೋರೂ ಕಮ್ಮಿ ಆದ್ರು, ಒಂದೂವರೆ ವರ್ಷ ಜಡ್ಜ್ ಮುಂದೆ ಕೈ ಕಟ್ಕೊಂಡು ನಿಲ್ಲೋ ಬದ್ಲು ಸಣ್ಣ ಶಿಕ್ಷೆ ತಗೊಂಡು ಮನೆಗೆ ಹೋಗೋದೇ ವಾಸಿ ಅಂತ ಯಾರಾದ್ರೂ ಯೋಚ್ನೆ ಮಾಡ್ತಾರೆ. ಅಷ್ಟೊತ್ತಿಗೆ ಹೆರಾಯಿನ್‌ಗಿಂತ ಎಷ್ಟೋ ಜೋರಿನ ಫೆಂಟನಿಲ್ ಬಂತು, ಕೋವಿಡ್ ಬಂತು, ಸ್ಯಾನ್ ಫ್ರಾನ್ಸಿಸ್ಕೋ ಟೆಂಡರ್‌ಲಾಯ್ನ್ ರಸ್ತೇಲಿ ಸೊಂಟ ಬಗ್ಗಿಸ್ಕೊಂಡು ನಿಂತಿರೋರ ವಿಡಿಯೋ ದೇಶ ಪೂರ್ತಿ ಓಡಾಡ್ತು, ಅಂಗಡೀಲಿ ಶಾಂಪೂ ಟೂತ್‌ಪೇಸ್ಟಿಗೂ ಬೀಗ ಬಿತ್ತು. 2024ರಲ್ಲಿ ಬೇ ಏರಿಯಾದ ನಮ್ಮ ಕನ್ನಡದವ್ರ ವಾಟ್ಸಾಪ್ ಗ್ರೂಪಲ್ಲಿ, ರಾಜ್ಯೋತ್ಸವದ ಊಟದ ಮೆನು ಚರ್ಚೆ ಮಧ್ಯ, ಪ್ರೊಪೊಸಿಷನ್ 36ಗೆ ಯೆಸ್ಸಾ ನೋನಾ ಅಂತ ಒಬ್ರು ಕೇಳಿದ್ದಕ್ಕೆ ಬಂದ ಉತ್ರ ಎಲ್ಲ ಶಾಂಪೂ ಬೀಗದ ಬಗ್ಗೇನೇ, ಟ್ರೀಟ್‌ಮೆಂಟ್ ಬಗ್ಗೆ ಒಂದು ಮೆಸೇಜೂ ಇಲ್ಲ. ಆ ಕಾನೂನಲ್ಲಿ ಕಳ್ಳತನದ ಭಾಗವೂ ಇತ್ತು ಅನ್ನೋದು ನಿಜ. ಡ್ರಗ್ಸ್ ಭಾಗ ಹೇಳೋದು ಹೀಗೆ: ಹಿಂದೆ ಎರಡು ಸಲ ಡ್ರಗ್ಸ್ ಕೇಸಲ್ಲಿ ಶಿಕ್ಷೆ ಆಗಿ ಮೂರನೇ ಸಲ ಸಿಕ್ಕಿದ್ರೆ ಫೆಲೊನಿ, ಆದ್ರೆ ಟ್ರೀಟ್‌ಮೆಂಟ್ ಒಪ್ಕೊಂಡು ಪೂರ್ತಿ ಮುಗಿಸಿದ್ರೆ ಕೇಸ್ ವಜಾ, ಇಲ್ದಿದ್ರೆ ಮೂರು ವರ್ಷದವರೆಗೂ ಜೈಲು. ಗವರ್ನರ್ ನ್ಯೂಸಮ್ ವಿರೋಧ ಮಾಡಿದ್ರು, ಸೋತ್ರು.

ಇದರಲ್ಲಿ ದುಡ್ಡಿನ ಮಾತೇ ಇಲ್ಲ. 2000ದಲ್ಲಿ ದುಡ್ಡಿತ್ತು, ಗದರ್ಸೋಕೆ ಕೋಲಿರ್ಲಿಲ್ಲ, 2024ರಲ್ಲಿ ಕೋಲಿದೆ, ದುಡ್ಡಿಲ್ಲ. ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ. 2025ರ ಬಜೆಟಲ್ಲಿ ಒಂದು ಸಲಕ್ಕೆ ಅಂತ 10 ಕೋಟಿ ಡಾಲರ್ ಕೊಟ್ರು, ಅದೂ ಕೋರ್ಟು, ಬಡ ಆರೋಪಿಗಳಿಗೆ ಸರ್ಕಾರ ಕೊಡೋ ವಕೀಲರು, ಕೌಂಟಿ ಅಂತ ಹಂಚಿ ಹೋಯ್ತು. ಮೊದಲ ಆರು ತಿಂಗಳಲ್ಲಿ ಈ ಕಲಂ ಕೆಳಗೆ ಹಾಕಿದ್ದು 9,000ದ ಹತ್ರ ಕೇಸು, ಟ್ರೀಟ್‌ಮೆಂಟ್ ಒಪ್ಪಿದವ್ರು ಶೇ 15ರ ಹತ್ರ, ಮುಗಿಸಿದವ್ರು ಕೆಲವೇ ಕೆಲವರು. ಆರು ತಿಂಗಳಲ್ಲಿ ಮುಗಿಸೋದು ಕಷ್ಟ, ಅದಕ್ಕೇ ಅದನ್ನ ಇಟ್ಕೊಂಡು ಹೊಡೀಬಾರ್ದು, ಆದ್ರೆ ಬೆಡ್ ಇಲ್ಲ ಅಂತ ಜನ ಜೈಲಲ್ಲೇ ಕೂತು ಟ್ರೀಟ್‌ಮೆಂಟಿಗೆ ಕಾಯೋ ಪರಿಸ್ಥಿತಿಗೆ ಟ್ರೀಟ್‌ಮೆಂಟ್ ಅಂತ ಹೆಸರಿಡೋದು ಹೇಗೆ?

ಭಯ ಕೆಲಸ ಮಾಡತ್ತಾ ಅನ್ನೋ ಪ್ರಶ್ನೆಗೆ ಹವಾಯಿ ಕಥೆ ಹೇಳ್ಬೇಕು. 2004ರಲ್ಲಿ ಸ್ಟೀವನ್ ಆಲ್ಮ್ ಅನ್ನೋ ಜಡ್ಜ್ ಹೋಪ್ ಅಂತ ಒಂದು ಪ್ರಯೋಗ ಶುರು ಮಾಡಿದ್ರು, ಪ್ರೊಬೇಷನ್‌ನಲ್ಲಿರೋರಿಗೆ ಯಾವಾಗ ಬೇಕಾದ್ರೂ ಟೆಸ್ಟು, ಡರ್ಟಿ ಬಂದ್ರೆ ತಕ್ಷಣ, ತಪ್ಪದೇ, ಎರಡ್ಮೂರು ದಿನ ಜೈಲು, ತಿಂಗಳುಗಟ್ಲೆ ಅಲ್ಲ. ಮೊದಲ ಸ್ಟಡೀಲಿ ಹೊಸ ಕೇಸಲ್ಲಿ ಅರೆಸ್ಟ್ ಆಗೋದು ಶೇ 55ರಷ್ಟು ಕಮ್ಮಿ, ದೇಶ ಪೂರ್ತಿ ಕುಣಿದಾಡಿಬಿಟ್ರು. ಆಮೇಲೆ ಬೇರೆ ನಾಲ್ಕು ರಾಜ್ಯದಲ್ಲಿ ಅದನ್ನೇ ಮಾಡಿ ನೋಡಿದ್ರು, 2016ರಲ್ಲಿ ರಿಸಲ್ಟ್ ಬಂತು, ಮಾಮೂಲಿ ಪ್ರೊಬೇಷನ್‌ಗೂ ಇದಕ್ಕೂ ಹೇಳ್ಕೊಳೋ ಅಂಥ ವ್ಯತ್ಯಾಸ ಇಲ್ಲ. ಡ್ರಗ್ ಕೋರ್ಟ್‌ಗಳ ಲೆಕ್ಕ ಇದಕ್ಕಿಂತ ವಾಸಿ, ನೂರೈವತ್ತಕ್ಕೂ ಮೇಲೆ ಸ್ಟಡಿ ಸೇರಿಸಿ ನೋಡಿದ್ರೆ ಮತ್ತೆ ಅಪರಾಧ ಮಾಡೋರು ಶೇ 50 ಇದ್ದದ್ದು ಶೇ 38ರ ಹತ್ರ ಬರತ್ತೆ. ಅಂದ್ರೆ ಕೋರ್ಟಿನ ಭಯಕ್ಕೆ ಬೆಲೆ ಇಲ್ಲ ಅಂತಲ್ಲ, ಬಾಗಿಲವರೆಗೂ ಕರ್ಕೊಂಡು ಬರತ್ತೆ, ಬಾಗಿಲ ಒಳಗೆ ಏನಿದೆ ಅನ್ನೋದ್ರ ಮೇಲೆ ಮಿಕ್ಕಿದ್ದು.

ಜೈಲಿಗೆ ಹಾಕಿದ್ರೆ ಅಟ್‌ಲೀಸ್ಟ್ ಜೀವ ಉಳಿಯತ್ತಲ್ಲ ಅನ್ನೋರಿಗೆ ಒಂದು ನಂಬರ್. ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿಂದ ಬಿಟ್ಟವ್ರನ್ನ ನೋಡಿ 2007ರಲ್ಲಿ ಒಂದು ಸ್ಟಡಿ ಬಂತು, ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಓವರ್‌ಡೋಸಿಂದ ಸಾಯೋ ಅಪಾಯ ಸಾಮಾನ್ಯ ಜನಕ್ಕಿಂತ 129 ಪಟ್ಟು. ಕಾರಣ ಸರಳ, ಒಳಗಿದ್ದಾಗ ದೇಹದ ತಡ್ಕೊಳೋ ಶಕ್ತಿ ಇಳಿದಿರತ್ತೆ, ಹೊರಗೆ ಬಂದು ಹಳೇ ಡೋಸೇ ತಗೋತಾರೆ. ಒಂದು ಡರ್ಟಿ ಟೆಸ್ಟಿಗೆ ನಾಲ್ಕು ತಿಂಗಳು ಒಳಗೆ ಹಾಕಿ ಬರಿಗೈಲಿ ಬಿಡೋದು ಅಂದ್ರೆ ಆ ಎರಡು ವಾರವನ್ನ ಅವನಿಗೆ ಇನ್ನೊಂದ್ಸಲ ಕೊಡೋದು. ಅದೇ ರೋಡ್ ಐಲೆಂಡ್ ರಾಜ್ಯ 2016ರಿಂದ ಜೈಲೊಳಗೇ ಮೆಥಡೋನ್, ಅದೇ ಥರದ ಬ್ಯುಪ್ರೆನಾರ್ಫಿನ್ ಕೊಡೋಕೆ ಶುರು ಮಾಡ್ತು, ಹೊರಗೆ ಬಂದ್ಮೇಲೂ ಮುಂದುವರ್ಸಿದ್ರು, ಬಿಡುಗಡೆ ಆದವ್ರ ಓವರ್‌ಡೋಸ್ ಸಾವು ಒಂದೇ ವರ್ಷದಲ್ಲಿ ಶೇ 61ರಷ್ಟು ಇಳೀತು. ಜೈಲು ಅದೇ, ಗೋಡೆ ಅದೇ, ಒಳಗೆ ಒಂದು ಮಾತ್ರೆ ಸಿಕ್ತು ಅಷ್ಟೆ. ಕ್ಯಾಲಿಫೋರ್ನಿಯಾ ಜೈಲುಗಳೂ 2020ರಿಂದ ಇದನ್ನ ಮಾಡ್ತಿವೆ, ಅದಕ್ಕೆ ಮುಂಚೆ 1989ರಿಂದ ಜೈಲಲ್ಲಿ ಟ್ರೀಟ್‌ಮೆಂಟ್ ಅಂತ ಸುರಿದ 100 ಕೋಟಿ ಡಾಲರ್ ದಂಡ ಅಂತ 2007ರಲ್ಲಿ ಅವ್ರದೇ ಇನ್ಸ್‌ಪೆಕ್ಟರ್ ಜನರಲ್ ರಿಪೋರ್ಟ್ ಕೊಟ್ಟಿದ್ರು.

ಮೆತ್ ಚಟಕ್ಕೆ ಇಂಥ ಮಾತ್ರೆ ಇನ್ನೂ ಇಲ್ಲ, ಅದಕ್ಕೆ ಇರೋ ಉಪಾಯ ಕೇಳಿದ್ರೆ ನಮ್ಮವ್ರು ನಗ್ತಾರೆ. ವಾರಕ್ಕೆ ಒಂದೆರಡು ಸಲ ಕ್ಲಿನಿಕ್ಕಿಗೆ ಬಂದು ಯೂರಿನ್ ಟೆಸ್ಟ್ ಕೊಡೋದು, ಕ್ಲೀನ್ ಇದ್ರೆ 10 ಡಾಲರ್ ಗಿಫ್ಟ್ ಕಾರ್ಡ್, ಮೊದಲ ಕೆಲವು ವಾರ ಕ್ಲೀನ್ ಇದ್ದಷ್ಟು ದಿನವೂ ಮೊತ್ತ ಏರ್ತಾ ಹೋಗತ್ತೆ, ವರ್ಷಕ್ಕೆ ಜಾಸ್ತಿ ಅಂದ್ರೆ 599 ಡಾಲರ್. ಡರ್ಟಿ ಬಂದ್ರೆ ಬೈಯಲ್ಲ, ಆವತ್ತು ಕಾರ್ಡ್ ಇಲ್ಲ, ನಾಳಿದ್ದು ಮತ್ತೆ ಬಾ. ಬಡವರ ಸರ್ಕಾರಿ ಇನ್ಶೂರೆನ್ಸ್ ಮೆಡಿ-ಕ್ಯಾಲ್ ಕೆಳಗೆ 2023ರಿಂದ ಇದನ್ನ ಕೊಡ್ತಿರೋ ಮೊದಲ ರಾಜ್ಯ ಕ್ಯಾಲಿಫೋರ್ನಿಯಾನೇ, ಮೆತ್, ಕೊಕೇನ್ ಚಟಕ್ಕೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ. ಅದೇ ಪ್ಲಾಸ್ಟಿಕ್ ಕಪ್ಪು, ಪೆರೋಲ್ ಆಫೀಸಲ್ಲಿ ಕೊಟ್ರೆ ಜೈಲಿನ ದಾರಿ, ಕ್ಲಿನಿಕ್ಕಲ್ಲಿ ಕೊಟ್ರೆ 10 ಡಾಲರ್. ತೆರಿಗೆ ಕಟ್ಟೋರ ದುಡ್ಡಲ್ಲಿ ಚಟದವ್ರಿಗೆ ಲಂಚ ಕೊಡೋದಾ ಅಂತ ಕೇಳೋರಿಗೆ ಒಂದೇ ಉತ್ರ, ಕ್ಯಾಲಿಫೋರ್ನಿಯಾದಲ್ಲಿ ಒಬ್ಬನನ್ನ ಸ್ಟೇಟ್ ಪ್ರಿಸನ್‌ನಲ್ಲಿ ಒಂದು ವರ್ಷ ಇಡೋಕೆ ಈಗ 1,25,000 ಡಾಲರ್‌ಗೂ ಮೇಲೆ ಖರ್ಚು.

ನನ್ನ ಅಭಿಪ್ರಾಯ ಕೇಳಿದ್ರೆ, ಬರೀ ಡರ್ಟಿ ಟೆಸ್ಟಿಗೆ ಪೆರೋಲ್ ರದ್ದು ಮಾಡೋದು ಶುದ್ಧ ದಂಡ. ಆದ್ರೆ ಕರೆದಾಗೆಲ್ಲ ಬರ್ದೇ ತಲೆ ಮರೆಸ್ಕೊಂಡು ಓಡಾಡೋವ್ನಿಗೆ ಜಡ್ಜ್ ಮುಂದೆ ನಿಲ್ಲೋ ಭಯ ಇರ್ಲಿ, ಅದಕ್ಕೆ ನನ್ನ ತಕರಾರಿಲ್ಲ. ತಗೊಂಡಿದ್ದಕ್ಕೆ ಶಿಕ್ಷೆ ಬೇಡ, ಬರ್ದೇ ಇರೋದಕ್ಕೆ ಕೇಳೋರು ಬೇಕು.

ನಮ್ಮ ದೇಶದಲ್ಲಿ ಡ್ರಗ್ಸ್ ಕೇಸಿಗೆ ಇರೋ ಎನ್‌ಡಿಪಿಎಸ್ ಕಾಯ್ದೆ 1985ರದ್ದು, ಕಠಿಣ ಅಂತಲೇ ಹೆಸರು, ಆದ್ರೆ ಅದರಲ್ಲೂ 64ಎ ಅಂತ ಒಂದು ಸೆಕ್ಷನ್ ಇದೆ: ಸೇವನೆ ಕೇಸಲ್ಲೋ ಸಣ್ಣ ಪ್ರಮಾಣ ಇಟ್ಕೊಂಡ ಕೇಸಲ್ಲೋ ಸಿಕ್ಕಿದ ಚಟದವ್ನು ತಾನಾಗೇ ಚಿಕಿತ್ಸೆಗೆ ಮುಂದೆ ಬಂದ್ರೆ ಅವನ ಮೇಲೆ ಕೇಸ್ ನಡೆಸೋಹಾಗಿಲ್ಲ, ಚಿಕಿತ್ಸೆ ಪೂರ್ತಿ ಮಾಡ್ದಿದ್ರೆ ಆ ರಕ್ಷಣೆ ವಾಪಸ್. 39ನೇ ಸೆಕ್ಷನ್ ಕೆಳಗೆ ಶಿಕ್ಷೆಯ ಬದ್ಲು ಚಿಕಿತ್ಸೆಗೆ ಕಳಿಸೋ ಅಧಿಕಾರ ಕೋರ್ಟಿಗೂ ಇದೆ. ಕ್ಯಾಲಿಫೋರ್ನಿಯಾ 2000ದಲ್ಲಿ, 2024ರಲ್ಲಿ ಜಗಳ ಆಡಿದ ಎರಡೂ ನಮ್ಮ ಕಾಯ್ದೇಲಿ ಪಕ್ಕ ಪಕ್ಕ ಕೂತಿವೆ. ಬೆಂಗಳೂರಲ್ಲಿ ನಿಮ್ಹಾನ್ಸ್ ಥರದ ಜಾಗ ಇದೆ ಸರಿ, ಬೆಂಗಳೂರು ಬಿಟ್ಟು ದೂರದ ಜಿಲ್ಲೇಲಿ ಸಿಕ್ಕಿಬಿದ್ದ ಹುಡುಗ 64ಎ ಕೇಳಿದ್ರೆ ಜಡ್ಜ್ ಅವನನ್ನ ಎಲ್ಲಿಗೆ ಕಳಿಸ್ಬೇಕು?

ಅಲ್ಲಿ ಸದ್ಯಕ್ಕೆ ನಾನು ಕಣ್ಣಿಟ್ಟಿರೋದು ಪ್ರೊಪೊಸಿಷನ್‌ಗಳ ಮೇಲಲ್ಲ, ಮೆಡಿ-ಕ್ಯಾಲ್‌ನ ಇನ್ನೊಂದು ನಿಯಮದ ಮೇಲೆ. ಜೈಲಲ್ಲಿರೋರಿಗೆ ಮೆಡಿಕೇಡ್ (ಬಡವರ ಇನ್ಶೂರೆನ್ಸಿನ ದೇಶದ ಯೋಜನೆ, ಮೆಡಿ-ಕ್ಯಾಲ್ ಅದರ ಕ್ಯಾಲಿಫೋರ್ನಿಯಾ ಹೆಸರು) ದುಡ್ಡು ಖರ್ಚು ಮಾಡೋಹಾಗಿಲ್ಲ ಅನ್ನೋ ಹಳೇ ಫೆಡರಲ್ ಕಾನೂನಿಗೆ 2023ರ ಜನವರೀಲಿ ಮೊದಲ ವಿನಾಯ್ತಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾಗೆ. ಬಿಡುಗಡೆಗೆ 90 ದಿನ ಮುಂಚಿಂದಲೇ ಇನ್ಶೂರೆನ್ಸ್ ಶುರು, ಡಾಕ್ಟರ್ ಅಪಾಯಿಂಟ್‌ಮೆಂಟ್ ಒಳಗಿದ್ದಾಗ್ಲೇ ಫಿಕ್ಸು, ಗೇಟಿಂದ ಹೊರಗೆ ಬರೋವಾಗ 200 ಡಾಲರ್ ಜೊತೆ ಮಾತ್ರೆಯೂ ಕೈಲಿ. 2024ರ ಅಕ್ಟೋಬರ್‌ನಿಂದ ಕೌಂಟಿಗಳು ಒಂದೊಂದಾಗಿ ಶುರು ಮಾಡಿವೆ, ಎಲ್ಲ ಕೌಂಟಿಗೂ 2026ರ ಅಕ್ಟೋಬರ್ ಗಡುವು. ಈ ಮಧ್ಯೆ 2025ರ ಜುಲೈಲಿ ಟ್ರಂಪ್ ಸಹಿ ಹಾಕಿದ ಕಾನೂನಲ್ಲಿ ಮೆಡಿಕೇಡ್‌ಗೇ ದೊಡ್ಡ ಕತ್ತರಿ ಬಿದ್ದಿದೆ, ಹಾಗಾಗಿ ಗಡುವು ಮುಟ್ಟೋ ಹೊತ್ತಿಗೆ ಕೌಂಟಿಗಳ ಹತ್ರ ನರ್ಸ್‌ಗಳಿಗೆ ಸಂಬಳ ಕೊಡೋಕೆ ಎಷ್ಟು ಉಳಿದಿರತ್ತೆ ಅನ್ನೋದನ್ನ ನೋಡ್ಬೇಕು, ಮುಂದಿನ ಪ್ರೊಪೊಸಿಷನ್‌ಗೆ ಯಾವ ನಂಬರ್ ಬರತ್ತೆ ಅನ್ನೋದು ಆಮೇಲಿನ ಮಾತು.